ಎಣ್ಣೆಯಲ್ಲೊಂದು ಕೂದಲು

ಟೋರ್ಕಿಲ್ ಆ ಮುಚ್ಚಳ ತೆರೆಯದೇ ಇದ್ದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ದೋಣಿ ಸಿದ್ಧವಾಗಿತ್ತು. ಕೇಕು ಒಳಗಿನ ಪುಟ್ಟ ಕೋಣೆಯಲ್ಲಿ ತಣ್ಣಗೆ ಕುಳಿತಿತ್ತು. ಸಮುದ್ರ ಹೊರಳದೆ ಮಲಗಿತ್ತು. ಹಗ್ಗ ಬಿಚ್ಚಿ ಹೊರಡುವುದೊಂದೇ ಬಾಕಿ. ಆದರೆ ಮೂವತ್ತು ವರ್ಷ ಕನ್ನಡಕದಂಗಡಿಯಲ್ಲಿ ಕೂತು ಗಾಜು ಒರೆಸಿದ ಮನುಷ್ಯನಿಗೆ ಎಲ್ಲ ಸರಿಯಾಗಿದೆ ಎಂದರೆ ಎಲ್ಲೋ ಏನೋ ಸರಿಯಿಲ್ಲ ಎಂದೇ ಅರ್ಥ. ಸ್ಟೀರಿಂಗ್ ಚಕ್ರದ ಹಿಂದಿದ್ದ ಪಂಪಿನ ಮುಚ್ಚಳ ತಿರುಗಿಸಿ, ಎಣ್ಣೆ ಹೇಗಿದೆ ಎಂದು ಒಂದು ಸಲ ಇಣುಕಿದ.

ಎಣ್ಣೆ ಜೇನಿನ ಬಣ್ಣದಲ್ಲಿ ತಿಳಿಯಾಗಿತ್ತು. ಅದರ ಮೇಲೆ ಒಂದು ಬಿಳಿ ಕೂದಲು ತೇಲುತ್ತಿತ್ತು.

ಅವನ ದೋಣಿಯ ಸ್ಟೀರಿಂಗ್ ನಡೆಯುವುದು ಎಣ್ಣೆಯ ಬಲದಿಂದ. ಮುಂದೆ ಚಕ್ರ ತಿರುಗಿಸಿದರೆ ಕೊಳವೆಯಲ್ಲಿ ಎಣ್ಣೆ ಓಡಿ, ಹಿಂದಿನ ಸಿಲಿಂಡರನ್ನು ತಳ್ಳಿ, ದೋಣಿ ತಿರುಗುತ್ತದೆ. ಎಣ್ಣೆಯಲ್ಲಿ ಕಸ ಸೇರಿತೋ, ಇವನು ಎಡಕ್ಕೆ ಅನ್ನುತ್ತಾನೆ, ದೋಣಿ ತನಗೆ ತೋಚಿದ ಕಡೆ ಹೋಗುತ್ತದೆ. ಇದನ್ನು ಟೋರ್ಕಿಲ್ ಕಂಡಕಂಡವರಿಗೆಲ್ಲ ಹೇಳಿದ್ದ. ಅಂಗಡಿಗೆ ಕನ್ನಡಕ ಮಾಡಿಸಲು ಬಂದವರಿಗೆ ಹೇಳಿದ್ದ. ಅತ್ತೆಯ ಮನೆಗೆ ಊಟಕ್ಕೆ ಹೋದಾಗಲೆಲ್ಲ ಮೀನಿನ ತಟ್ಟೆ ಮುಂದಿಟ್ಟುಕೊಂಡು, ಹೊರಡುವ ಮೊದಲು ಎಣ್ಣೆ ನೋಡಬೇಕು, ಎಣ್ಣೆ ಚೊಕ್ಕಟವಾಗಿರಬೇಕು ಎಂದು ಕೊರೆದಿದ್ದ. ಒಂದು ಕೂದಲಿಗೆ ಅಷ್ಟೆಲ್ಲ ಆಗುತ್ತದೆಯೇ ಎಂದು ನನ್ನನ್ನು ಕೇಳಿದರೆ, ಬಹುಶಃ ಇಲ್ಲ. ಆದರೆ ಅವನು ನನ್ನನ್ನು ಕೇಳಲಿಲ್ಲ.

ಆ ದಿನ ತಡಮಾಡುವಂತೆಯೂ ಇರಲಿಲ್ಲ. ಎದುರಿನ ಹಾರೆ ದ್ವೀಪದಲ್ಲಿ ಅವನ ಅತ್ತೆ ಆಸ್ಟಾಗೆ ಎಂಬತ್ತು ತುಂಬುತ್ತಿತ್ತು. ಡೆನ್ಮಾರ್ಕಿನಲ್ಲಿ ಸೊನ್ನೆಯಲ್ಲಿ ಮುಗಿಯುವ ಹುಟ್ಟುಹಬ್ಬ ತಪ್ಪಿಸಿಕೊಂಡವನನ್ನು ನೆಂಟರು ಸಾಯುವ ತನಕ ನೆನಪಿಡುತ್ತಾರೆ. ದ್ವೀಪದಲ್ಲಿ ಬೇಕರಿ ಇಲ್ಲ. ಹೆಂಡತಿ ಬೋಡಿಲ್ ಹಿಂದಿನ ದಿನವೇ ಸಾರ್ವಜನಿಕ ದೋಣಿ ಹತ್ತಿ ಅಡುಗೆಗೆಂದು ಹೋಗಿದ್ದಳು. ಕೇಕು ತರುವ ಕೆಲಸ ಟೋರ್ಕಿಲ್‌ನದು. ಹೋದ ವರ್ಷದ ಹುಟ್ಟುಹಬ್ಬಕ್ಕೆ ಅವನು ದೋಣಿಯ ಹಿತ್ತಾಳೆ ಗಂಟೆ ಉಜ್ಜುತ್ತಾ ಕೂತು ರಾತ್ರಿ ಊಟದ ಹೊತ್ತಿಗೆ ತಲುಪಿದ್ದ. ಈ ಸಲ ಬೋಡಿಲ್ ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದಳು:

"ಎರಡು ಗಂಟೆಗೆ ಕಾಫಿ. ಎರಡು ಗಂಟೆಗೆ ಕೇಕು ಮೇಜಿನ ಮೇಲಿರ್ಬೇಕು. ಇಲ್ದಿದ್ರೆ ಆ ದೋಣಿ ನಮ್ಮನೇಲಿ ಇರಲ್ಲ. ನಾನೇ ಮಾರಿ ಹಾಕ್ತೀನಿ, ನಿನ್ನ ಕೇಳೋದೂ ಇಲ್ಲ."

ಬೋಡಿಲ್ ತಮಾಷೆ ಮಾಡುವ ಹೆಂಗಸಲ್ಲ. ಟೋರ್ಕಿಲ್‌ಗೆ ಮಕ್ಕಳಿಲ್ಲ, ಬೇರೆ ಚಟವಿಲ್ಲ; ಇದ್ದದ್ದು 'ಟೆರ್ನೆ' ಎಂಬ ಆ ಬಿಳಿ ದೋಣಿ ಒಂದೇ. ಹಾಗಾಗಿ ಅವನು ಹಿಂದಿನ ಸಂಜೆಯೇ ಕೇಕು ತಂದಿಟ್ಟು, ಬೆಳಗ್ಗೆ ಅತ್ತೆಗೆ ಖುಷಿಯಾಗಲೆಂದು ದೋಣಿಯ ಸುತ್ತ ದಾರಕ್ಕೆ ಪೋಣಿಸಿದ ಕೆಂಪು ಬಿಳಿ ಕಾಗದದ ಬಾವುಟಗಳನ್ನೂ ಕಟ್ಟಿದ್ದ. ಇನ್ನೂ ಹೊತ್ತು ಬೇಕಾದಷ್ಟಿತ್ತು. ಒಂದು ಕೂದಲು ತೆಗೆಯಲು ಎಷ್ಟು ಹೊತ್ತು ಬೇಕು?

ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಂಗಡಿಯಿಂದ ತಂದ ಸಣ್ಣ ಚಿಮಟ ಹಿಡಿದು, ಮೂಗು ಪಂಪಿಗೆ ತಾಗುವಂತೆ ಬಗ್ಗಿದ. ಆಗಲೇ ಹಿಂದಿನಿಂದ ಧ್ವನಿ ಬಂತು.

"ಅಯ್ಯೋ ಟೋರ್ಕಿಲ್! ಹುಟ್ಟುಹಬ್ಬವಾ? ಒಂದು ಮಾತು ಹೇಳ್ಬಾರ್ದೇನಯ್ಯಾ!"

ಪಕ್ಕದ ದೋಣಿಯ ಐನಾರ್. ಕೆಲಸದಿಂದ ನಿವೃತ್ತನಾದ ಮೇಲೆ ಬಂದರಿನ ಎಲ್ಲ ದೋಣಿಗಳ ಯೋಗಕ್ಷೇಮವನ್ನೂ ಯಾರೂ ಕೇಳದೆ ವಹಿಸಿಕೊಂಡವನು. ಇಲ್ಲಿ ರಜಾ ದಿನಕ್ಕೆ ದೊಡ್ಡ ಬಾವುಟ ಹಾರಿಸುತ್ತಾರೆ. ದಾರಕ್ಕೆ ಪೋಣಿಸಿದ ಕಾಗದದ ಬಾವುಟ ಕಂಡರೆ ಅದು ಹುಟ್ಟುಹಬ್ಬವೇ, ಯಾರನ್ನೂ ಕೇಳಬೇಕಾಗಿಲ್ಲ. ಟೋರ್ಕಿಲ್ 'ನನ್ನದಲ್ಲ' ಎಂದು ಹೇಳಲು ತಲೆ ಅಲ್ಲಾಡಿಸಿದ. ಬಾಯಲ್ಲಿದ್ದ ಟಾರ್ಚಿನ ಬೆಳಕು ಐನಾರ್‌ನ ಹೊಟ್ಟೆಯ ಮೇಲೆ ಆ ಕಡೆ ಈ ಕಡೆ ಓಡಾಡಿತು. "ಹ್ಞೂಂ ಹ್ಞೂಂ" ಎಂದಷ್ಟೇ ಹೊರಟಿತು.

"ನಾಚ್ಕೋಬೇಡ ಮಾರಾಯ. ಕಾರ್ಲಾ! ಏ ಕಾರ್ಲಾ! ಟೋರ್ಕಿಲ್ ಹುಟ್ಟಿದ ಹಬ್ಬ ಕಣೇ, ಬಾ!"

ಟೋರ್ಕಿಲ್ ಟಾರ್ಚು ಉಗುಳುವಷ್ಟರಲ್ಲಿ ಐನಾರ್‌ನ ಹೆಂಡತಿ ಕಾರ್ಲಾ ಬಂದಳು. ಅವಳ ಹಿಂದೆ, ಹಲ್ಲಿನ ಡಾಕ್ಟರಾಗಿದ್ದು ಈಗ ಗಾಳ ಹಾಕುವುದೇ ಕಸುಬಾಗಿರುವ ಬ್ರಾಸ್ಕ್ ಬಂದ. ಯೇಸು ಸ್ವರ್ಗಕ್ಕೆ ಹೋದ ದಿನದ ರಜೆ. ಇಡೀ ಬಂದರು ದೋಣಿಗಳಲ್ಲಿ ಕೂತು ಏನಾದರೂ ನಡೆಯಲಿ ಎಂದು ಕಾಯುತ್ತಿತ್ತು. ಹತ್ತಾರು ಜನ ಕಟ್ಟೆಯ ಮೇಲೆ ನಿಂತು ಹುಟ್ಟುಹಬ್ಬದ ಹಾಡು ಶುರುಮಾಡಿಬಿಟ್ಟರು. ಇಲ್ಲಿನ ಹಾಡಿಗೆ ಕೊನೆ ಬೇಗ ಬರುವುದಿಲ್ಲ. ಪ್ರತಿ ಚರಣಕ್ಕೂ ಒಬ್ಬೊಬ್ಬರು ಪೀಪಿ, ಡೋಲು, ಪಿಟೀಲು ಬಾರಿಸಿದಂತೆ ಅಭಿನಯಿಸಬೇಕು. ಬ್ರಾಸ್ಕ್ ಡೋಲು ಬಾರಿಸಿದ. ಕೊನೆಗೆ ಚಿಕ್ಕ ಜಯಕಾರಗಳೂ ಒಂದು ಉದ್ದನೆಯ ಜಯಕಾರವೂ ಆದವು.

ಇಷ್ಟಾದ ಮೇಲೆ ಇದು ನನ್ನದಲ್ಲ, ನಮ್ಮತ್ತೆಯದು ಎನ್ನುವುದು ಹೇಗೆ? ಡೋಲು ಬಾರಿಸಿದವನ ಮುಖ ನೋಡಿ ಹೇಳಲು ಧೈರ್ಯ ಬೇಕು. ಟೋರ್ಕಿಲ್ ಆ ಜಾತಿಯ ಮನುಷ್ಯನಲ್ಲ. ಥ್ಯಾಂಕ್ಸ್ ಹೇಳಿ ಬೇಗ ಕಳಿಸಿಬಿಡೋಣ ಎಂದುಕೊಂಡ.

"ಥ್ಯಾಂಕ್ಸ್, ಥ್ಯಾಂಕ್ಸ್. ಸ್ವಲ್ಪ ಕೆಲಸ ಇತ್ತು ನನಗೆ…"

"ಹುಟ್ಟಿದ ದಿನ ಏನಯ್ಯಾ ಕೆಲ್ಸ?" ಐನಾರ್ ಆಗಲೇ ದೋಣಿಗೆ ಇಳಿದಿದ್ದ. "ಏನಾಗಿದೆ? ಎಲ್ಲಿ, ನೋಡೋಣ. ಓ, ಎಣ್ಣೆ! ಒಂದು ಕೂದ್ಲು!"

"ನಿಮ್ಮ ನಾಯಿದೇ ಇರ್ಬೇಕು" ಎಂದು ಟೋರ್ಕಿಲ್ ಬಾಯಿ ತಪ್ಪಿ ಹೇಳಿಬಿಟ್ಟ. ಐನಾರ್‌ನ ಬಿಳಿ ನಾಯಿ ಪ್ಲೆಟ್ ಕಟ್ಟೆಯ ಮೇಲೆ ಮಲಗಿ ಎಲ್ಲರನ್ನೂ ಸೌಜನ್ಯದಿಂದ ನೋಡುತ್ತಿತ್ತು.

"ನಮ್ಮ ಪ್ಲೆಟ್ಟಾ?" ಐನಾರ್‌ನ ಮುಖ ಕೆಂಪಾಯಿತು. "ಅದು ನಿನ್ನ ದೋಣಿಗೆ ಕಾಲಿಟ್ಟಿಲ್ಲ ಕಣಯ್ಯಾ. ಅದಕ್ಕೆ ಸ್ನಾನ ಮಾಡ್ಸೋದು ನಾನು. ದಿನಾ ಬಾಚೋದು ನಾನು. ಇರ್ಲಿ, ಹಬ್ಬದ ದಿನ ಬೈಯಲ್ಲ. ಸರಿ, ಆ ಕೂದ್ಲು ತೆಗೆದೇ ನಿನಗೆ ತೋರಿಸ್ತೀನಿ, ಅದು ಯಾರದ್ದು ಅಂತ."

ಹೀಗೆ ಕೂದಲು ಐನಾರ್‌ನ ಮಾನದ ಪ್ರಶ್ನೆಯೂ ಆಯಿತು. ಅವನು ಚಿಮಟ ಕಸಿದುಕೊಂಡು ಒಳಗೆ ತೂರಿಸಿದ. ಕೂದಲು ಸುಮ್ಮನೆ ಸರಿದು, ಒಂದು ಸುತ್ತು ಹಾಕಿ, ಪಂಪಿನ ಹೊಟ್ಟೆಯೊಳಗೆ ಇಳಿದು ಹೋಯಿತು.

ಟೋರ್ಕಿಲ್‌ನ ಕಣ್ಣಿಗೆ ಕತ್ತಲೆ ಬಂತು. ಮೇಲಿದ್ದ ಕೂದಲಿನೊಂದಿಗೆ ಹೋಗಬಹುದಿತ್ತೇನೋ. ಒಳಗೆ ಹೋದ ಕೂದಲಿನೊಂದಿಗೆ, ಹಾರೆ ದ್ವೀಪಕ್ಕೆ ಹೋಗುವ ದೊಡ್ಡ ದೋಣಿಯ ದಾರಿಗೆ ಅಡ್ಡ ಹಾಯುವುದು ಹೇಗೆ? ನಡುಮಧ್ಯದಲ್ಲಿ ಚಕ್ರ ಬಿಗಿದುಕೊಂಡರೆ?

"ಹೀರಿ ತೆಗಿಬೇಕು" ಎಂದ ಬ್ರಾಸ್ಕ್, ಶಾಂತವಾಗಿ. "ನಾನು ನಲವತ್ತು ವರ್ಷ ಜನಗಳ ಬಾಯಿಂದ ಹೀರಿದೀನಿ. ಇದೂ ಬಾಯೇ."

ಕಾರ್ಲಾ ಓಡಿಹೋಗಿ ಹುರಿದ ಹಂದಿಮಾಂಸಕ್ಕೆ ರಸ ಹನಿಸುವ ದಪ್ಪ ರಬ್ಬರ್ ಬುರುಡೆಯ ಪಿಚಕಾರಿ ತಂದಳು. ಬ್ರಾಸ್ಕ್ ಕೈಗವಸು ಹಾಕಿಕೊಂಡು, ಹಳೇ ಅಭ್ಯಾಸದಿಂದ "ನೋವಾದ್ರೆ ಕೈಯೆತ್ತಿ" ಎಂದು ಪಂಪಿಗೆ ಹೇಳಿ, ಹೀರತೊಡಗಿದ. ಎಣ್ಣೆ ಬಂತು. ಇನ್ನೂ ಬಂತು. ಕೂದಲು ಬರಲಿಲ್ಲ. ಬುರುಡೆಯಿಂದ ಗೊರಗೊರ ಸದ್ದು ಕೇಳಿದಾಗ ಟೋರ್ಕಿಲ್ ಚಕ್ರ ಮುಟ್ಟಿ ನೋಡಿದ. ಚಕ್ರ ಯಾವ ಹಂಗೂ ಇಲ್ಲದೆ ಗಿರಗಿರ ತಿರುಗಿತು. ಕೊಳವೆಗೆ ಗಾಳಿ ಹೊಕ್ಕಿತ್ತು. ಈಗ ದೋಣಿಗೂ ಚಕ್ರಕ್ಕೂ ಸಂಬಂಧವೇ ಇರಲಿಲ್ಲ.

"ಅಷ್ಟೇ ತಾನೇ?" ಎಂದ ಐನಾರ್. "ಹೊಸ ಎಣ್ಣೆ ಹಾಕಿ ಗಾಳಿ ತೆಗೆದ್ರೆ ಆಯ್ತು. ಬಾಟ್ಲಿ ಇದೆಯಾ?"

ಒಂದೇ ಒಂದು ಬಾಟಲಿ ಇತ್ತು. ಸೀಲು ಒಡೆಯದ, ಟೋರ್ಕಿಲ್ ಬಟ್ಟೆಯಲ್ಲಿ ಸುತ್ತಿಟ್ಟ ಬಾಟಲಿ. ಅದನ್ನು ಐನಾರ್‌ನ ಕೈಗೆ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು: ಒಬ್ಬ ಮುಂದೆ ಬಾಟಲಿಯನ್ನು ಪಂಪಿಗೆ ತಲೆಕೆಳಗಾಗಿ ಸಿಕ್ಕಿಸಿ ಚಕ್ರ ತಿರುಗಿಸುತ್ತಿರಬೇಕು, ಇನ್ನೊಬ್ಬ ಹಿಂದೆ ಸಿಲಿಂಡರಿನ ಸ್ಕ್ರೂ ಸಡಿಲಿಸಿ ಗುಳ್ಳೆ ಬಿಡಬೇಕು. ಟೋರ್ಕಿಲ್ ಹಿಂಬದಿಯ ಇಕ್ಕಟ್ಟಾದ ಗೂಡಿನೊಳಗೆ ತಲೆ ತೂರಿಸಿ, ಕಾಲು ಮೇಲೆ ಮಾಡಿಕೊಂಡು, ಕೆಳಗೊಂದು ಗಾಜಿನ ಜಾಡಿ ಇಟ್ಟು ಮಲಗಿದ.

"ಬಾಟ್ಲಿ ಸಿಕ್ಸೋ ಮುಂಚೆ ಬಾಯಿ ಒರೆಸಿ!" ಎಂದು ಗೂಡಿನೊಳಗಿಂದ ಕೂಗಿದ.

"ಒರೆಸ್ದೆ, ಒರೆಸ್ದೆ!" ಎಂದ ಐನಾರ್. ತನ್ನ ಉಣ್ಣೆಯ ಟೊಪ್ಪಿಯಿಂದ ಒರೆಸಿದ್ದ.

"ಎಡಕ್ಕೆ ತಿರುಗ್ಸಿ!"

"ಯಾರ ಎಡ? ನೀನು ಆ ಕಡೆ ಮುಖ ಮಾಡಿದೀಯ, ನಾನು ಈ ಕಡೆ."

"ದೋಣಿ ಎಡ! ದೋಣಿಗೆ ಒಂದೇ ಎಡ ಇರೋದು!"

"ಕಾಲು ಮೇಲೆ ಮಾಡಿ ಮಲಗಿದೋನು ಎಡ ಬಲ ಹೇಳ್ತಾನೆ, ನೋಡ್ರಪ್ಪಾ" ಎಂದು ಐನಾರ್ ಕಟ್ಟೆಯವರಿಗೆ ಹೇಳಿ ನಗಿಸಿ, ಬಲಕ್ಕೆ ತಿರುಗಿಸಿದ. ಸ್ಕ್ರೂ ಬಿಚ್ಚಿದ ಕಡೆಯಿಂದ ಪಿಚಕ್ಕೆಂದು ಎಣ್ಣೆ ಹಾರಿ ಟೋರ್ಕಿಲ್‌ನ ಹಣೆ, ಕನ್ನಡಕ, ಹುಬ್ಬು ಎಲ್ಲ ತೊಳೆಯಿತು. ಆಮೇಲೆ ಸರಿಯಾದ ಎಡ ಸಿಕ್ಕಿತು. ಎಣ್ಣೆ ಜಾಡಿಗೆ ಇಳಿಯತೊಡಗಿತು, ಗುಳ್ಳೆ ಬಂತು, ಇನ್ನೇನು ಗುಳ್ಳೆ ನಿಲ್ಲಬೇಕು. ಅಷ್ಟರಲ್ಲಿ ಬಂದರಿನೊಳಗೆ ಒಂದು ಹಾಯಿದೋಣಿ ಬಂತು. ಅದನ್ನು ಹೇಗೆ ಕಟ್ಟಬೇಕೆಂದು ದೂರದಿಂದಲೇ ಹೇಳಿಕೊಡುವುದು ಐನಾರ್‌ನ ಕರ್ತವ್ಯವಾಗಿತ್ತು. ಅವನು ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈ ಬೀಸಿ ಕೂಗುತ್ತಿದ್ದ. ಬಾಟಲಿ ಖಾಲಿಯಾದದ್ದು ಅವನಿಗೆ ಕಾಣಲಿಲ್ಲ. ಮತ್ತೆ ಗಾಳಿ ಹೊಕ್ಕಿತು. ದೋಣಿಯಲ್ಲಿದ್ದ ಎಣ್ಣೆಯೆಲ್ಲ ಈಗ ಜಾಡಿಯಲ್ಲಿತ್ತು, ಮೇಲೆ ಐನಾರ್‌ನ ಟೊಪ್ಪಿಯ ನೀಲಿ ಉಣ್ಣೆಯ ನವಿರುಗಳು ತೇಲುತ್ತಿದ್ದವು.

"ಅಂಗಡಿಗೆ ಹೋಗಿ ಇನ್ನೊಂದು ಬಾಟ್ಲಿ ತರೋಣ ಬಿಡು" ಎಂದ ಐನಾರ್.

"ಇವತ್ತು ಎಲ್ಲ ಅಂಗಡಿ ಮುಚ್ಚಿದೆ" ಎಂದ ಟೋರ್ಕಿಲ್. ಅವನ ಕಣ್ಣ ಮುಂದೆ ಬೋಡಿಲ್, ಅವಳ ಪಕ್ಕದಲ್ಲಿ ದೋಣಿ ಕೊಳ್ಳಲು ಬಂದ ಯಾವನೋ ಅಪರಿಚಿತ ನಿಂತಿದ್ದರು.

"ಸೋಸಿದ್ರಾಯ್ತಪ್ಪಾ" ಎಂದಳು ಕಾರ್ಲಾ. "ನನ್ನ ಹತ್ರ ಕಾಫಿ ಸೋಸೋ ಕಾಗದ ಇದೆ."

ಒಮ್ಮೆ ಹೊರಬಂದ ಎಣ್ಣೆಯನ್ನು ಮತ್ತೆ ಒಳಗೆ ಹಾಕಬಾರದು ಎಂದು ಟೋರ್ಕಿಲ್ ಸ್ವತಃ ನೂರು ಜನರಿಗೆ ಉಪದೇಶ ಮಾಡಿದ್ದ. ಈಗ ತಾನೇ ತಲೆಯಾಡಿಸಿದ. ಕಾಫಿ ಸೋಸುವ ಬಟ್ಟಲಿಗೆ ಒಂದರ ಮೇಲೊಂದು ಕಾಗದ ಹಾಕಿ, ಎಣ್ಣೆ ಸುರಿದರು. ಕೆಳಗೆ ಒಂದು ಹನಿ ಕಾಣಿಸಿತು. ಅದು ಬೀಳಲೋ ಬೇಡವೋ ಎಂದು ಯೋಚಿಸಿತು. ಬಿತ್ತು. ಆಮೇಲೆ ಇನ್ನೊಂದು.

ಹನಿ ಬೀಳುವುದನ್ನು ನೋಡಲು ಬಂದರಿನವರೆಲ್ಲ ಮಡಚುವ ಕುರ್ಚಿ ತಂದು ಸುತ್ತ ಕೂತರು. ಸುಮ್ಮನೆ ಕೂತ ಡೇನಿಶ್ ಜನಕ್ಕೆ ಕಾಫಿ ಬೇಕು. ಕಾಗದವೆಲ್ಲ ಎಣ್ಣೆಗೆ ಹೋದದ್ದರಿಂದ ಕಾರ್ಲಾ ಪುಡಿ ಸಮೇತ ಕಾಫಿ ಕಾಸಿ ಕೊಟ್ಟಳು. ಎಲ್ಲರೂ ಹಲ್ಲಿನಿಂದ ಪುಡಿ ತೆಗೆಯುತ್ತಾ ಹನಿ ನೋಡಿದರು.

"ಸಿಕ್ತು!" ಎಂದು ಬ್ರಾಸ್ಕ್ ಇದ್ದಕ್ಕಿದ್ದಂತೆ ಕೂಗಿದ. ಕಾಗದದ ಮೇಲೆ, ನೀಲಿ ಉಣ್ಣೆಯ ನಡುವೆ, ಬಿಳಿ ಕೂದಲು. ಚಿಮಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ರಾಸ್ಕ್ ಅದನ್ನು ಪ್ಲೆಟ್‌ನ ಬೆನ್ನಿಗೆ ಹಿಡಿದು ಹೋಲಿಸಿದ. "ಇದು ನಾಯಿದಲ್ಲ. ನಾಯಿದು ನೆಟ್ಟಗೆ, ಮೆತ್ತಗೆ. ಇದು ದಪ್ಪ, ಒರಟು, ಹೀಗೆ ಬಿಲ್ಲಿನ ಹಂಗೆ ಬಾಗಿದೆ."

"ಹೇಳ್ಲಿಲ್ವಾ ನಾನು!" ಐನಾರ್ ನಾಯಿಯನ್ನು ತಬ್ಬಿಕೊಂಡ. "ಕ್ಷಮೆ ಕೇಳು."

ಟೋರ್ಕಿಲ್ ನಾಯಿಯ ಕ್ಷಮೆ ಕೇಳಿದ. ಈ ಅವಸರದಲ್ಲಿ ಕಾರ್ಲಾ ಎಲ್ಲಿಗೆ ಹೋದಳೆಂದು ಅವನು ಗಮನಿಸಲಿಲ್ಲ. ಅವಳು ಒಳಗಿನ ಕೋಣೆಯಿಂದ, ಎರಡೂ ಕೈಯಲ್ಲಿ ಡಬ್ಬ ಹಿಡಿದುಕೊಂಡು ಮೇಲೆ ಬಂದಳು.

"ಕಳ್ಳಾ! ಇಷ್ಟು ದೊಡ್ಡ ಕೇಕು ಇಟ್ಕೊಂಡು ನಮಗೆ ಬರೀ ಎಣ್ಣೆ ತೋರಿಸ್ತಿದೀಯಾ?"

"ಅದು ಬೇಡ! ಅದು…" ಎಂದ ಟೋರ್ಕಿಲ್. ಹುಟ್ಟುಹಬ್ಬದ ಬಾವುಟ ಕಟ್ಟಿ, ಹಾಡು ಹಾಡಿಸಿಕೊಂಡು, ಕೇಕು ಕೊಡದವನು ಈ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಊರು ಬಿಟ್ಟಿದ್ದಾನೆ. ಕಟ್ಟೆಯ ಮೇಲಿನ ಮುಖಗಳೆಲ್ಲ ಅವನನ್ನೇ ನೋಡಿದವು.

ಕಾರ್ಲಾ ಡಬ್ಬ ತೆರೆದಳು. ಪದರ ಪದರವಾದ ಕೇಕು, ಮಧ್ಯೆ ಹಣ್ಣಿನ ಪಾಕ, ಮೇಲೆ ಕೆನೆಯ ಗುಡ್ಡ. ಕೆನೆಯ ಮೇಲೆ ಬಾದಾಮಿ ಹಿಟ್ಟಿನಲ್ಲಿ ಮಾಡಿದ ಎರಡು ದಪ್ಪ ಅಂಕಿ: ಎಂಟು, ಸೊನ್ನೆ.

ಟೋರ್ಕಿಲ್‌ಗೆ ಇನ್ನೂ ಐವತ್ತೆಂಟು.

"ಎಂಬತ್ತಾ?" ಎಂದ ಐನಾರ್, ಟೊಪ್ಪಿ ತೆಗೆದು. "ಎರಡು ವರ್ಷದಿಂದ ಪಕ್ಕದಲ್ಲೇ ಇದೀವಿ… ನಾನು ನಿಮ್ಮನ್ನ ನನಗಿಂತ ಚಿಕ್ಕೋರು ಅಂದ್ಕೊಂಡು ಏಕವಚನದಲ್ಲಿ ಮಾತಾಡಿದೀನಲ್ಲ! ತಪ್ಪು ತಿಳ್ಕೋಬೇಡಿ."

"ಎಂಬತ್ತಕ್ಕೆ ಮುಖ ಪರ್ವಾಗಿಲ್ಲ" ಎಂದಳು ಕಾರ್ಲಾ, ಬಗ್ಗಿ ನೋಡಿ. "ಬೆಳಗ್ಗೆ ಆ ಗೂಡಲ್ಲಿ ತಲೆಕೆಳಗಾಗಿ ಮಲಗಿಸಿದ್ರಲ್ರೀ ಇವರನ್ನ! ಏನಾದ್ರೂ ಆಗಿದ್ರೆ?"

"ಸ್ವಲ್ಪ ಬಾಯಿ ತೆಗೀರಿ" ಎಂದ ಬ್ರಾಸ್ಕ್. ನೋಡಿದ. "ಎಲ್ಲ ಸ್ವಂತದ್ದು! ಎಂಬತ್ತಕ್ಕೆ! ನೋಡಿ, ಬನ್ನಿ ಎಲ್ಲ, ನೋಡಿ."

ಎಲ್ಲರೂ ಸಾಲಾಗಿ ಬಂದು ಟೋರ್ಕಿಲ್‌ನ ಹಲ್ಲು ನೋಡಿದರು. ಆಮೇಲೆ ಅವನಿಗೆ ಯಾವ ಕೆಲಸವನ್ನೂ ಮುಟ್ಟಲು ಬಿಡಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಮೇ ತಿಂಗಳ ಬಿಸಿಲಲ್ಲಿ ಮೊಣಕಾಲಿಗೆ ಕಂಬಳಿ ಹೊದಿಸಿದರು. ಮೊದಲ ತುಂಡು ಅವನೇ ತಿನ್ನಬೇಕೆಂದು ಹಠ ಹಿಡಿದರು. ಅವನು ತಿಂದ. ಕೇಕು ಬಹಳ ಚೆನ್ನಾಗಿತ್ತು, ಅದಕ್ಕೇ ಅವನ ಕಣ್ಣಲ್ಲಿ ನೀರು ಬಂತೆಂದು ಎಲ್ಲರೂ ತಿಳಿದರು. ಅಂಗೈಯಗಲ ತಟ್ಟೆಗಳು ಕಟ್ಟೆಯುದ್ದಕ್ಕೂ ಓಡಾಡಿದವು. ನೋಡನೋಡುತ್ತಿದ್ದಂತೆ ಅತ್ತೆಯ ಕೇಕು ಬಂದರಿನ ಹೊಟ್ಟೆ ಸೇರಿತು. ಎಂಟನ್ನು ಬ್ರಾಸ್ಕ್ ತಿಂದ. ಸೊನ್ನೆಯೊಂದು ಡಬ್ಬದಲ್ಲಿ ಉಳಿಯಿತು.

ಇಷ್ಟಾದ ಮೇಲೆ ಉಡುಗೊರೆ ಕೊಡದೆ ಬಿಡುವುದು ಹೇಗೆ? ಕಾರ್ಲಾ ತನ್ನಲ್ಲಿದ್ದ ಅಗಲವಾದ ಕೆಂಪು ರಿಬ್ಬನ್ನು ತಂದು ಸ್ಟೀರಿಂಗ್ ಚಕ್ರಕ್ಕೆ ಎಲೆಕೋಸಿನಷ್ಟು ದೊಡ್ಡ ಗಂಟು ಕಟ್ಟಿದಳು. ಯಾರೋ ಹಳೇ ಹಾಯಿಬಟ್ಟೆಯ ತುಂಡಿನ ಮೇಲೆ ದಪ್ಪ ಕುಂಚದಲ್ಲಿ 'ಎಂಬತ್ತು! ಅಭಿನಂದನೆಗಳು!' ಎಂದು ಬರೆದು ದೋಣಿಯ ಪಕ್ಕಕ್ಕೆ ಬಿಗಿಯಾಗಿ ಕಟ್ಟಿದರು. ಮತ್ತೊಮ್ಮೆ ಹಾಡಾಯಿತು. ಈ ಸಲ ಪಿಟೀಲು ಬಾರಿಸಿದವನು ಅತ್ತೇಬಿಟ್ಟ.

ನಡುವೆ ಎಣ್ಣೆಯೂ ಸೋಸಿ ಮುಗಿದಿತ್ತು. ಹಿರಿಯರಿಗೆ ತೊಂದರೆ ಕೊಡಬಾರದೆಂದು ಕಾರ್ಲಾ ಮುಂದೆ ನಿಂತಳು, ಬ್ರಾಸ್ಕ್ ಹಿಂದೆ ಮಲಗಿದ. ಕಾರ್ಲಾ ಬಾಟಲಿಯ ಮೇಲಿಂದ ಕಣ್ಣು ತೆಗೆಯಲಿಲ್ಲ, ಬ್ರಾಸ್ಕ್ ಎಡ ಯಾವುದೆಂದು ಕೇಳಲಿಲ್ಲ. ಕಾಫಿ ಕುಡಿದಷ್ಟು ಹೊತ್ತಿನಲ್ಲಿ ಒಂದು ಗುಳ್ಳೆ ಉಳಿಯದಂತೆ ಗಾಳಿ ಹೊರಟುಹೋಯಿತು. ಟೋರ್ಕಿಲ್ ಕಂಬಳಿ ಸರಿಸಿ ಎದ್ದು ಚಕ್ರ ಮುಟ್ಟಿದ. ಕಿರುಬೆರಳಿಗೆ ತಿರುಗಿತು. ದೋಣಿ ಕೊಂಡ ದಿನದಿಂದ ಅದು ಅಷ್ಟು ಹಗುರವಾಗಿ, ಅಷ್ಟು ವಿಧೇಯವಾಗಿ ತಿರುಗಿದ್ದೇ ಇಲ್ಲ. ಆ ಸಂಕಟದಲ್ಲೂ ಅವನಿಗೆ ಸುಖವಾಯಿತು.

ಆಗ ಗಡಿಯಾರ ನೋಡಿದ. ಒಂದೂವರೆ.

"ನಾನು ಹೊರಡ್ಬೇಕು!"

"ಒಬ್ರೇನಾ? ಈ ವಯಸ್ನಲ್ಲಿ?" ಎಂದು ಕಾರ್ಲಾ ಕೂಗುತ್ತಿದ್ದಂತೆ ಅವನು ಹಗ್ಗ ಬಿಚ್ಚಿ, ಸಿಲುಕಿದ ಒಂದು ಹಗ್ಗವನ್ನು ಕತ್ತರಿಸಿಯೇ ಹಾಕಿ, ಬಂದರಿನಾಚೆ ಹಾರಿದ. ರಿಬ್ಬನ್ನು, ಹಾಯಿಬಟ್ಟೆ ಬಿಚ್ಚಲು ಪುರುಸೊತ್ತೆಲ್ಲಿ?

ದಾರಿಯುದ್ದಕ್ಕೂ ಅವನು ಮಾತು ಕಟ್ಟಿದ. ಕೇಕು ನೀರಿಗೆ ಬಿತ್ತು ಎನ್ನಲೇ? ಬೇಕರಿಯವನು ಮೋಸಮಾಡಿದ ಎನ್ನಲೇ? ಬೋಡಿಲ್ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡ ಗಂಡಸು ಆ ವಂಶದಲ್ಲೇ ಇಲ್ಲ. ಕೊನೆಗೆ ದೋಣಿಯನ್ನು ಕಳೆದುಕೊಳ್ಳುವುದು ಖಂಡಿತ ಎಂದು ಮನಸ್ಸಿಗೆ ಗಟ್ಟಿಯಾದಾಗ, ಅವನಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅರ್ಧ ದಾರಿಯಲ್ಲಿ ಒಂದು ಕ್ಷಣ ಎಂಜಿನ್ ನಿಧಾನ ಮಾಡಿ, ಪಂಪಿನ ಮುಚ್ಚಳ ತೆರೆದು, ಆ ಚೊಕ್ಕಟವಾದ ಎಣ್ಣೆಯನ್ನು ಕೊನೆಯ ಸಲವೆಂಬಂತೆ ಬಗ್ಗಿ, ಕಣ್ತುಂಬ ನೋಡಿದ. ಅಳು ಬಂತು. ಕನ್ನಡಕ ಮೇಲೆ ಸರಿಸಿ, ಕಣ್ಣೂ ಹುಬ್ಬೂ ಚೆನ್ನಾಗಿ ಉಜ್ಜಿಕೊಂಡ. ಮುಚ್ಚಳ ಹಾಕಿ ಮತ್ತೆ ಓಡಿಸಿದ.

ಹಾರೆ ದ್ವೀಪದ ಕಟ್ಟೆ ಮುಟ್ಟಿದಾಗ ಚರ್ಚಿನ ಗಂಟೆ ಎರಡು ಬಾರಿಸುತ್ತಿತ್ತು. ಕಟ್ಟೆಯ ಮೇಲೆ ನೆಂಟರೆಲ್ಲ ಹಬ್ಬದ ಬಟ್ಟೆಯಲ್ಲಿ ನಿಂತಿದ್ದರು. ಮುಂದೆ ಬೋಡಿಲ್, ಅವಳ ತೋಳು ಹಿಡಿದುಕೊಂಡು ಅತ್ತೆ ಆಸ್ಟಾ. ಬೋಡಿಲ್‌ಳ ಕಣ್ಣು ನೇರವಾಗಿ ಅವನ ಕೈಯಲ್ಲಿದ್ದ ಡಬ್ಬದ ಮೇಲೆ ಬಿತ್ತು. ಡಬ್ಬ ಹಗುರವಾಗಿದೆಯೆಂದು ಅವಳಿಗೆ ಅಷ್ಟು ದೂರದಿಂದಲೇ ಗೊತ್ತಾಯಿತು.

"ಬೋಡಿಲ್, ನಾನು ಹೇಳ್ತೀನಿ ಕೇಳು…" ಎಂದು ಟೋರ್ಕಿಲ್ ಬಾಯಿ ತೆರೆದ.

ಆದರೆ ಆಸ್ಟಾ ಡಬ್ಬ ನೋಡುತ್ತಿರಲಿಲ್ಲ. ಅವಳು ದೋಣಿ ನೋಡುತ್ತಿದ್ದಳು. ಸುತ್ತ ಕಾಗದದ ಬಾವುಟ. ಪಕ್ಕದಲ್ಲಿ 'ಎಂಬತ್ತು! ಅಭಿನಂದನೆಗಳು!' ಚಕ್ರಕ್ಕೆ ಕೆಂಪು ರಿಬ್ಬನ್ನಿನ ಗಂಟು.

"ಇದು… ನನಗಾ?"

ಆಸ್ಟಾ ಮಗಳ ತೋಳು ಬಿಟ್ಟು, ಯಾರ ಸಹಾಯವೂ ಇಲ್ಲದೆ ದೋಣಿಗೆ ಇಳಿದಳು. ಚಕ್ರದ ಮುಂದೆ ಕೂತು ಒಂದು ಬೆರಳಿಟ್ಟಳು. ಚಕ್ರ ತಿರುಗಿತು. ಹಿಂದೆ ಎಂಜಿನ್ ಹೇಳಿದಂತೆ ಹೊರಳಿತು.

"ನಮ್ಮಪ್ಪ ಬೆಸ್ತ" ಎಂದಳು ಆಸ್ಟಾ, ನೆಂಟರ ಕಡೆ ತಿರುಗಿ. "ಅಣ್ಣಂದಿರಿಗೆಲ್ಲ ಚುಕ್ಕಾಣಿ ಕೊಟ್ಟ. ನನಗೆ ಒಂದು ದಿನ ಕೊಡ್ಲಿಲ್ಲ. ಹುಡುಗೀರ ಕೈಗೆ ಬಲ ಸಾಲಲ್ಲ ಅಂದ. ಮದ್ವೆ ಆದ್ಮೇಲೆ ಗಂಡನೂ ಹಂಗೇ ಅಂದ. ನೋಡ್ರೋ, ಒಂದು ಬೆರಳು! ಎಂಬತ್ತು ವರ್ಷ ಆಗ್ಬೇಕಾಯ್ತು ನನಗೆ." ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಅಳಿಯಾ, ನಿನ್ನ ನಾನು ದಂಡಪಿಂಡ ಅಂದ್ಕೊಂಡಿದ್ದೆ ಕಣೋ. ನಿನ್ನ ಜೀವಾನೇ ತಂದು ಕೊಟ್ಟಿದೀಯಲ್ಲೋ!"

ಟೋರ್ಕಿಲ್ ಬೋಡಿಲ್‌ಳನ್ನು ನೋಡಿದ. ಬೋಡಿಲ್ ಡಬ್ಬದ ಮುಚ್ಚಳ ಎತ್ತಿ, ಒಳಗಿದ್ದ ಸೊನ್ನೆ ನೋಡಿದಳು. ಗಂಡನ ಎಣ್ಣೆ ಮೆತ್ತಿದ ಮುಖ ನೋಡಿದಳು. ಅಮ್ಮನ ಮುಖ ನೋಡಿದಳು. ಮುಚ್ಚಳ ಮುಚ್ಚಿದಳು.

"ಹೌದಮ್ಮ, ನಿನಗೇ" ಎಂದಳು ಜೋರಾಗಿ. ಆಮೇಲೆ ಟೋರ್ಕಿಲ್‌ನ ಕಿವಿಯ ಹತ್ತಿರ, "ಮಾರೋ ಪ್ರಮೇಯ ತಪ್ತು. ಖುಷಿಪಡು."

"ಕೇಕು ಎಲ್ಲಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕೇಕು ಯಾರಿಗ್ ಬೇಕ್ರೋ!" ಎಂದಳು ಆಸ್ಟಾ. "ಹತ್ರೋ ಎಲ್ಲ, ಒಂದು ಸುತ್ತು ಹೋಗಿ ಬರೋಣ. ಇರಿ, ಇರಿ. ಹೊರಡೋ ಮುಂಚೆ ಎಣ್ಣೆ ನೋಡ್ಬೇಕು. ಎಣ್ಣೆ ಚೊಕ್ಕಟವಾಗಿರ್ಬೇಕು. ಊಟಕ್ಕೆ ಬಂದಾಗೆಲ್ಲ ಹೇಳಿದೀಯ, ಮರ್ತಿಲ್ಲ ನಾನು."

ಅವಳು ಮುಚ್ಚಳ ತಿರುಗಿಸಿ ತೆಗೆದು, ಕನ್ನಡಕ ಸರಿಮಾಡಿಕೊಂಡು ಇಣುಕಿದಳು. ಬಹಳ ಹೊತ್ತು ಇಣುಕಿದಳು. ಎಣ್ಣೆಯ ಮೇಲೆ ಏನೋ ಬೆಳ್ಳಗೆ ತೇಲುತ್ತಿತ್ತು. ಆಮೇಲೆ ತಲೆಯೆತ್ತಿ ಅಳಿಯನ ಮುಖವನ್ನು, ಕಣ್ಣಿನ ಮೇಲೆ ಬಿಲ್ಲಿನಂತೆ ಬಾಗಿ, ದಪ್ಪವಾಗಿ, ಬಿಳಿಯಾಗಿ ನಿಂತಿದ್ದ ಅವನ ಎರಡು ಹುಬ್ಬುಗಳನ್ನು ನೋಡಿದಳು.

"ಅಳಿಯಾ, ಚುಕ್ಕಾಣಿ ನಂದು. ಎಣ್ಣೆ ನೋಡ್ಕೊಳ್ಳೋದು ನಿಂದು" ಎಂದಳು. "ಮೊದ್ಲು ಆ ಹುಬ್ಬು ಬೋಳಿಸ್ಕೊಂಡು ಬಾ."